ಅಥವಾ

ಆರೋಪಿ ಅಧಿಕಾರಿ ಟೋಪಿ ಬೆಲ್ಟು ಇಲ್ಲದೆ ಬರಬೇಕು,
ಅದು ರಿವಾಜು.
ಮೇಜರ್ ನೇಗಿ ಬಂದು ನಿಂತಾಗ
ನನ್ನ ಕಣ್ಣು ಹೋದದ್ದು ಸೊಂಟದ ಖಾಲಿ ಲೂಪುಗಳ ಮೇಲೆ.
ಏಳು. ಹಿಂದಿನದೊಂದು ಕೊಂಚ ಸೊಟ್ಟ.

ಅಪ್ಪ ಇದೇ ಕ್ಯಾಂಪಿನಲ್ಲಿ ಮೂವತ್ತೊಂದು ವರ್ಷ
ಇಂಥ ಲೂಪು ಹೊಲಿದವನು.
ರಾತ್ರಿ ಟಿಳಕವಾಡಿಗೆ ಸೈಕಲ್ ತಳ್ಳಿಕೊಂಡು ಬಂದರೆ
ಅಂಗಿಯ ತುಂಬ ಹಸಿರು ನೂಲು.
‘ಸಾಹೇಬ್ರ ಅಳತಿ ತಗೋವಾಗ ಮಾರಿ ನೋಡಬಾರದವಾ,
ಟೇಪು ನೋಡಬೇಕು’ ಅನ್ನುತ್ತಿದ್ದ.
ನಾನು ವಕೀಲಿ ಕಲಿತದ್ದು ಅಲ್ಲೇ ಇರಬೇಕು.

ಕಲಂ ನಲವತ್ತೇಳು:
ಕೈಕೆಳಗಿನವನನ್ನು ಹೊಡೆದದ್ದು, ಅಥವಾ
ಕೆಟ್ಟದಾಗಿ ನಡೆಸಿಕೊಂಡದ್ದು.
ಆರೋಪಪಟ್ಟಿ ಬರೆದವರು ಆ ‘ಅಥವಾ’ ದಾಟಲಿಲ್ಲ.
ಹೊಡೆದ, ಅಂದರು. ಅಷ್ಟೇ.
ತಾರೀಖು ಹಾಕಿ, ಮುಂಜಾನೆ ಐದೂವರೆ ಎಂದು ಬರೆದು
ಸಾಕ್ಷಿಗೆ ಒಬ್ಬ ಸುಬೇದಾರನನ್ನು ಹಚ್ಚಿದರು.

ಸುಬೇದಾರನಿಗೆ ನಾನು ಕೇಳಿದ್ದು ಮಂಜಿನ ಬಗ್ಗೆ.
ಡಿಸೆಂಬರಿನಲ್ಲಿ ಕೋಟೆಯ ಕಂದಕದಿಂದ ಏಳುವ ಮಂಜು,
ಅದರೊಳಗೆ ಅರವತ್ತು ಹೆಜ್ಜೆ ಆಚೆಗಿನ ಕೈ
ಯಾರದೆಂದು ಹೇಗೆ ತಿಳಿಯಿತು?
ಅವನು ತನ್ನ ಬೂಟು ನೋಡಿಕೊಂಡ.

ಆಮೇಲೆ ಹುಡುಗ.
ಅಡಿವೆಪ್ಪ ಹೊಸಟ್ಟಿ, ಮೂಡಲಗಿ ಕಡೆಯವ, ಹತ್ತೊಂಬತ್ತು.
ಹಿಂದಿ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ,
ಪ್ರಮಾಣ ಮಾಡಿದ ದ್ವಿಭಾಷಿ ಮಗ್ಗುಲಲ್ಲಿ.
ಸಾಹೇಬರು ನಿನಗೆ ಹೊಡೆದರೇನು?

‘ಇಲ್ರಿ.
ಹೊಡದಿದ್ರ ಛಲೋ ಇತ್ರಿ.’

ಊಟದ ಹೊತ್ತಾಗಿತ್ತು.
‘ನಹೀಂ ಸಾಬ್’ ಎಂದ ದ್ವಿಭಾಷಿ.
ಟೈಪಿಸ್ಟನ ಬೆರಳು ಎರಡೇ ಅಕ್ಷರ ಒತ್ತಿ ನಿಂತಿತು.

ತೀರ್ಪು ಹೇಳುವವರು ಐದು ಮಂದಿ,
ಅವರಿಗೆ ಕಾನೂನು ಹೇಳುವವನೊಬ್ಬ,
ಅತ್ತ ಕಡೆಯ ವಕೀಲ.
ಯಾರಿಗೂ ಕನ್ನಡ ಬಾರದು.
ಮೇಜರನಿಗೂ ಬಾರದು, ಆದರೂ
ತಲೆ ಒಂದು ಗಳಿಗೆ ಬಗ್ಗಿತು.

ಹೊಡೆಯದೆ ಏನು ಮಾಡಿದ್ದ?
ಹದಿನಾಲ್ಕು ಸಲ ಅವನ ಜತೆ ಕೂತಿದ್ದೇನೆ,
ಚಹಾ ಆರಿಸಿಕೊಂಡು ಕಡತ ತಿರುವಿದ್ದೇನೆ,
ಅದೊಂದು ಕೇಳಿರಲಿಲ್ಲ.
ಟೇಪು ನೋಡಿದ್ದೆ.

ಎದ್ದು ಹೇಳಿದೆ: ನನ್ನ ಪ್ರಶ್ನೆಗಳಿಲ್ಲ.
ತಪ್ಪೇನಿಲ್ಲ. ಯಾವ ಪುಸ್ತಕ ತೆಗೆದರೂ ತಪ್ಪಿಲ್ಲ.
ನನ್ನ ಕಕ್ಷಿದಾರನ ಎದುರು
ದ್ವಿಭಾಷಿ ಆಗುವ ಹೊಣೆ ನನ್ನದಲ್ಲ.

ನಾಲ್ಕನೆಯ ದಿನ ಮೇಜರ್ ಕೈ ಕುಲುಕಲು ಬಂದ,
ಬೆಲ್ಟು ಬಿಗಿದು.
ಸೊಟ್ಟ ಲೂಪು ಕಾಣಲಿಲ್ಲ.

ಗೇಟಿನ ಹೊರಗೆ ಆಟೋದವನು ನೂರಾ ಇಪ್ಪತ್ತು ಅಂದ.
‘ಹಗಲ ದರೋಡಿ ಏನೋ ತಮ್ಮಾ’ ಅನ್ನುತ್ತಿದ್ದೆ,
ಹಿಂದಿನಿಂದ ಮೆಲ್ಲಗೊಂದು ದನಿ,
ನೀರಿನ ಟಾಕಿಯ ನೆರಳಲ್ಲಿ
ತನ್ನ ಲಾರಿಗೆ ಕಾಯುತ್ತ ನಿಂತವನು:

‘ಅಕ್ಕಾರ, ನೀವು ನಮ್ಮ ಕಡೆಯವರೇನ್ರಿ?’

‘ಇಲ್ಲೇ, ಟಿಳಕವಾಡಿ’ ಅಂದೆ,
ಎಷ್ಟೋ ವರ್ಷದ ಹಿಂದೆ ಸತ್ತ ಮೀಟರನ್ನು
ನೋಡುತ್ತ.