ಕೊನೆಯ ಉಕಾರ

ಬೂಟು ಹದಿನೇಳನೇ ಗೂಡಿಗೆ. ಒಳಗಿನ ಚಪ್ಪಲಿ ಬೇರೆ,
ಶೌಚಾಲಯಕ್ಕೆ ಬೇರೆ, ಜಿಮ್ಮಿಗೆ ಇನ್ನೊಂದು ಜೋಡು.
ಮೊದಲ ವಾರ ಶೌಚಾಲಯದ ಚಪ್ಪಲಿಯಲ್ಲೇ
ಹೆಡ್‌ಮಾಸ್ತರ ಕೋಣೆಯ ತನಕ ಹೋಗಿ ಬಂದಿದ್ದೆ.
ಯಾರೂ ಏನೂ ಅನ್ನಲಿಲ್ಲ.
ಅನ್ನದೆ ಉಳಿದದ್ದು ಇವತ್ತಿಗೂ
ಅಂಗಾಲಿಗೆ ಅಂಟಿಕೊಂಡಿದೆ.

ಗೂಡು ಇನ್ನೂರ ನಲವತ್ತು. ಮಕ್ಕಳು ಮೂವತ್ತೊಂದು.
ಉಳಿದವುಗಳಲ್ಲಿ ಸಮುದ್ರದ ಗಾಳಿ
ಬರಿಗಾಲಲ್ಲಿ ಬಂದು ಹೋಗುತ್ತದೆ.

ಹಾಜರಿಗೆ ಇಲ್ಲಿ ಸಹಿ ನಡೆಯದು, ಮುದ್ರೆ ಒತ್ತಬೇಕು.
ನಳಿನಿ ಎಂದೆ, ಮುದ್ರೆ ಕೆತ್ತುವ ಮುದುಕನಿಗೆ.
ಳಕಾರ ಅವನ ಅಂಗಡಿಯಲ್ಲಿರಲಿಲ್ಲ,
ಲಕಾರವೂ ಇಲ್ಲ; ಇದ್ದದ್ದು ಕೊಟ್ಟ:
ನರಿನಿ.
ತಾವರೆಗೊಳವಾಗಿ ಹುಟ್ಟಿದವಳು
ಮೂರು ಸಾವಿರ ಯೆನ್ನಿಗೆ ನರಿಯಾದೆ.
ಬೇಸರವಿಲ್ಲ. ಈ ಊರಲ್ಲಿ ನರಿಗೊಂದು ಗುಡಿಯಿದೆ,
ಕೊರಳಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ.

ಎರಡನೇ ಪೀರಿಯಡ್ಡು, ಐದನೇ ತರಗತಿ.
ಸೀಮೆಎಣ್ಣೆ ಒಲೆಯ ಮೇಲೆ ಕೆಟಲು ಗೊಣಗುತ್ತದೆ.
ಕುಮಗಾಯಿ ಸೆನ್ಸೇ ಕೈ ಎತ್ತಿದಾಗ
ಬಾಯಿ ತೆರೆಯುವುದು ನನ್ನ ಕೆಲಸ,
ಇಳಿಸಿದಾಗ ಮುಚ್ಚುವುದು.
ಬಸ್, ಎನ್ನುತ್ತೇನೆ.
ಬಸು, ಎನ್ನುತ್ತವೆ ಐದು ಬಾಯಿ.
ಕಪ್. ಕಪ್ಪು.
ಡೆಸ್ಕ್. ಡೆಸುಕು.
ಕೊನೆಯದನ್ನು ನುಂಗಿ, ಎನ್ನುತ್ತಾರೆ ಸೆನ್ಸೇ.
ನುಂಗಿ ತೋರಿಸುತ್ತೇನೆ, ಪುಟ್ಟ ಬಾಗಿಲು ಬಡಿದಂತೆ:
ಬಸ್. ಬಸ್. ಬಸ್.
(ನಮ್ಮ ಕಡೆ ಹಾಗೆಂದರೆ ಸಾಕು ಅಂತಲೂ ಅರ್ಥ.)

ಆರನೆಯ ಬಾಯಿ ಇಬುಕಿಯದು. ತೆರೆಯುವುದಿಲ್ಲ.
ಅವನಪ್ಪ ಹಿಮ ತಳ್ಳುವ ಗಾಡಿಯ ಡ್ರೈವರು,
ರಾತ್ರಿಯೆಲ್ಲ ರಸ್ತೆ ಬಿಡಿಸಿ ಹಗಲು ಮಲಗುತ್ತಾನಂತೆ;
ಮನೆಯಲ್ಲಿ ಗಟ್ಟಿ ಮಾತಾಡುವಂತಿಲ್ಲ.

ಯಾರಿಗೂ ಹೇಳಿಲ್ಲ, ನನ್ನ ನಾಲಿಗೆಗೂ ಆ ಬಾಲವಿತ್ತು.
ಬಸ್ಸು ತಪ್ಪಿಸಿ, ಪೆನ್ನು ಕಳೆದು,
ಬೆಂಚಿನ ಮೇಲೆ ನಿಂತು ಕಲಿತವಳು ನಾನು.
ಹುಬ್ಬಳ್ಳಿಯ ಲೋಬೋ ಟೀಚರು
ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣು ಎಣಿಸುತ್ತ
ಒಂದೊಂದೇ ಉಕಾರ ಕತ್ತರಿಸಿದ್ದರು.
ಹಲ್ಲಿಯ ಬಾಲ, ಗೊತ್ತಲ್ಲ.

ಮಧ್ಯಾಹ್ನ ಊಟ ಮಕ್ಕಳ ಜೊತೆ, ಅದೇ ಕುಳ್ಳ ಮೇಜಿನಲ್ಲಿ,
ಮೊಣಕಾಲು ಗಲ್ಲಕ್ಕೆ ತಾಗುವಂತೆ.
ಸಾರಿನಲ್ಲಿ ಮೀನಿದೆಯೇ ಎಂದು ಕೇಳುವುದನ್ನು
ಎರಡನೇ ತಿಂಗಳಿಗೆ ಬಿಟ್ಟೆ.
ಉತ್ತರ ಯಾವಾಗಲೂ ಸ್ವಲ್ಪ ಇದೆ.

ಆಮೇಲೆ ಗುಡಿಸುವ ಹೊತ್ತು.
ಒದ್ದೆ ಬಟ್ಟೆ ಒತ್ತಿಹಿಡಿದು ಅಂಡು ಮೇಲೆತ್ತಿ
ಕಾರಿಡಾರಿನ ಉದ್ದಕ್ಕೂ ಓಡಬೇಕು.
ಪಕ್ಕದ ಸಾಲಿನಲ್ಲಿ ಇಬುಕಿ.
ಗೋಡೆ ಮುಟ್ಟಿ ತಿರುಗುವಾಗ, ತಲೆಕೆಳಗಾಗಿಯೇ, ಕೇಳಿದ:
ನರಿನಿ ಸೆನ್ಸೇ, ನಿಮ್ಮ ದೇಶದಲ್ಲಿ ಬಸುಗೆ ಏನಂತಾರೆ?

ಸುಳ್ಳು ಹೇಳಬಹುದಿತ್ತು.
ಮಂಡಿಯೂರಿದ್ದೆ, ಏದುಸಿರು ಬರುತ್ತಿತ್ತು,
ಬಾಯಿಂದ ಅದು ತಾನಾಗಿ ಬಿತ್ತು:
ಬಸ್ಸು.

ಬಟ್ಟೆ ಬಿಟ್ಟು ಎದ್ದು ಕೂತ.
ಅಂಗಡಿಯಲ್ಲಿ ಚಾಕಲೇಟು ಜೇಬಿಗಿಳಿಸುವ
ದೊಡ್ಡವರೊಬ್ಬರನ್ನು ಕಂಡವನ ಹಾಗೆ ನೋಡಿದ.
ಕಪ್ಪು? ಎಂದ ಮೆಲ್ಲಗೆ.
ಕಪ್ಪು, ಎಂದೆ. ಬಣ್ಣವೂ ಅದೇ, ನಿನ್ನ ಕೂದಲಿನದು.

ಗುರುವಾರ, ಒಲೆ, ಕೆಟಲು, ಸೆನ್ಸೇಯ ಕೈ.
ಬಸ್, ಎಂದೆ.
ಹಿಂದಿನ ಮೇಜಿನಿಂದ, ಮಲಗಿದವರನ್ನೆಲ್ಲ ಎಬ್ಬಿಸುವಷ್ಟು ಜೋರಾಗಿ,
ಸಕಾರಕ್ಕೆ ಸರಿಯಾಗಿ ಒತ್ತು ಕೊಟ್ಟು:
ಬಸ್ಸು!
ಕುಮಗಾಯಿ ಸೆನ್ಸೇ ನನ್ನತ್ತ ತಿರುಗಿದರು, ತಿದ್ದಲಿ ಎಂದು.
ನನಗೆ ಕೆಮ್ಮು ಬಂತು. ತುಂಬ ಹೊತ್ತು ಬಂತು.

ವರ್ಷದ ಕೊನೆಗೆ ಉಚ್ಚಾರಣೆಯ ಪಟ್ಟಿ ತುಂಬಬೇಕು.
ಚೆನ್ನಾಗಿದ್ದರೆ ವೃತ್ತ, ಇಲ್ಲದಿದ್ದರೆ ತ್ರಿಕೋನ.
ಇಬುಕಿಯ ಸಾಲಿನಲ್ಲಿ ತ್ರಿಕೋನ ಬರೆದೆ,
ಮಂಜು ಕರಗುವ ಸದ್ದು ಕೇಳುತ್ತ ಕೂತೆ,
ಅದರ ಸುತ್ತ ಒಂದು ವೃತ್ತ ಎಳೆದೆ.
ಉಪಮುಖ್ಯೋಪಾಧ್ಯಾಯ ಹತಕೆಯಾಮ ಕನ್ನಡಕ ಏರಿಸಿ ಕೇಳಿದರು,
ಈ ಗುರುತಿನ ಅರ್ಥ?
ನಮ್ಮ ಕಡೆ ಹೀಗೂ ಒಂದುಂಟು, ಎಂದೆ.
ಓಹೋ, ಎಂದು ಅವರು
ಡೈರಿಯಲ್ಲಿ ಬರೆದುಕೊಂಡರು.
ನಾನು ಕೆಳಗೆ, ಚೌಕದೊಳಗೆ,
ಕೆಂಪು ನರಿಯನ್ನು ಒತ್ತಿದೆ.