ಚಕ್ಕುಬಂದಿ

ಹುಮನಾಬಾದಿನ ರಿಜಿಸ್ಟ್ರಿ ಕಚೇರಿ ಮುಂದ
ತಗಡಿನ ನೆರಳಾಗ ನನ್ನ ಮೇಜು.
ಕುಂಟ ಕಾಲಿಗೆ ಶಹಾಬಾದ್ ಕಲ್ಲಿನ ಚೂರು ಕೊಟ್ಟೀನಿ,
ಇಪ್ಪತ್ತೆರಡು ವರ್ಷ, ಅಲ್ಲಾಡಿಲ್ಲ.

ಸರ್ವರ್ ಬಿದ್ದ ಒಂದು ಮಧ್ಯಾಹ್ನ
ಕಾಲೇಜಿನ ವೈಜನಾಥ ಮಾಸ್ತರು ಹಾಳೆ ಹರವಿದರು:
ಜಗತ್ತಿನ ದೇಶಗಳ ಪಟ್ಟಿ,
ಎಲ್ಲೆಲ್ಲಿ ಯಾರ ಆಸ್ತಿ ಎಷ್ಟು ಭದ್ರ.
ಮೊದಲಿಗೆ ಯಾವುದೋ ಹಿಮದ ದೇಶ.
ತಳದಾಗ, ರಾತ್ರಿ ಸಿಪಾಯಿಗಳು ಬಂದು ಬೀಗ ಒಡೆಯೋ ದೇಶ.
ನಾವು ನಡುವ ಎಲ್ಲೋ,
ಬಸ್ಸಿನಾಗ ಕಂಬಿ ಹಿಡಿದು ನಿಂತವರ ಹಂಗ.

‘ಇದನ್ನ ಹ್ಯಾಂಗ ಅಳೀತಾರ್ರಿ?’
‘ಕೋರ್ಟು, ಕಾಗದ, ಪೊಲೀಸು. ನೂರಕ್ಕ ಇಷ್ಟು ಅಂತ.’
ಬಾಜೂಕ ಮುನಾಫ್ ಸಾಬ್ ನಕ್ಕರು,
ನಿಜಾಮನ ಕಾಲದ ಉರ್ದು ಕಾಗದ ಓದಿ ಹೇಳೋರು ಈಗ ಅವರೊಬ್ಬರೇ:
‘ಒಂದೇ ಸರ್ವೆ ನಂಬರು, ಮೂರು ರಾಜ್ಯ ಕಂಡದ.
ಹೊಲ ಎದ್ದು ಎಲ್ಲೂ ಹೋಗಿಲ್ಲ.’

ಅಷ್ಟರಾಗ ಸುಗಲಾಬಾಯಿ.
ಮುಂದ ಇಬ್ಬರು ಅಣ್ಣಂದಿರು, ಒಬ್ಬನ ಕೈಯಾಗ
ಪ್ಲಾಸ್ಟಿಕ್ ಬಿಚ್ಚದ ಹೊಸ ಇಳಕಲ್ ಸೀರಿ.
ಹಕ್ಕು ಬಿಡುಗಡೆ ಪತ್ರ.
ಬರಕೋತ ಹೋದೆ:
ನಾನು ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ...
ಈ ಸಾಲು ನನಗ ನಿದ್ದ್ಯಾಗೂ ಬರತದ.

‘ಚಕ್ಕುಬಂದಿ ಹೇಳ್ರಿ’ ಅಂದೆ.
ದೊಡ್ಡಣ್ಣ ಫೋನ್ ನೋಡಿದ.
ಸಣ್ಣಣ್ಣ ದೊಡ್ಡಣ್ಣನ್ನ ನೋಡಿದ.
ಹೇಳಿದಾಕಿ ಆಕಿ:

‘ಮೂಡಕ್ಕ ಗುಂಡೇರಾಯರ ತೊಗರಿ.
ಪಡುವಕ್ಕ ಹಳ್ಳ, ಬ್ಯಾಸಗ್ಯಾಗ ಅದು ಹಳ್ಳಲ್ಲ, ದಾರಿ.
ತೆಂಕಕ್ಕ ದರ್ಗಾದ ಇನಾಮು.
ಬಡಗಕ್ಕ ಬಾರಿಗಿಡ. ಅಣ್ಣ ಕಡಿಸ್ಯಾನ,
ಬುಡ ಅದ. ಬುಡಾನೇ ಬರಕೋರಿ.’

ಆಮ್ಯಾಲ ಮಾಸ್ತರ ಹಾಳಿ ಮ್ಯಾಲ ಬಗ್ಗಿ,
ಓದು ಬಾರದಿದ್ದರೂ ಬೆರಳಿಟ್ಟು,
‘ಈ ಮೊದಲ್ನೇ ದೇಶದಾಗ
ಪಾಲು ಕೇಳಿದ ಮ್ಯಾಲೂ
ಅಣ್ಣನ ಮನಿ ಬಾಗಿಲ ತೆರದಿರತದೇನ್ರಿ?’

ಮಾಸ್ತರು ಕನ್ನಡಕ ಒರೆಸಿಕೊಂಡರು.
ಆ ಕಾಲಮ್ಮು ಇರಲಿಲ್ಲ.

ಸರ್ವರ್ ಬಂತು.
ಆಕಿ ಹೆಬ್ಬೆಟ್ಟು ಯಂತ್ರ ಎರಡು ಸಲ ಒಲ್ಲೆ ಅಂತು,
ಕಳೆ ಕಿತ್ತು ಕಿತ್ತು ಗೆರಿ ಸವದಾವ.
ಮೂರನೇ ಸಲ ಅಣ್ಣನೇ ಕೈ ಹಿಡಿದು ಒತ್ತಿದ,
ಮೆತ್ತಗೇ ಹಿಡಿದ, ಸುಳ್ಳು ಯಾಕ ಹೇಳಲಿ.
ಆಮ್ಯಾಲ ಮಸಿಯದು, ಕಾಗದದ ಮ್ಯಾಲ.

ಬೆರಳು ಒರಸಲಿಕ್ಕ ಜಾಗ ಹುಡುಕಿದಳು.
ಹೊಸ ಸೀರಿಗಲ್ಲ, ಉಟ್ಟ ಸೆರಗಿಗಲ್ಲ,
ಕಚೇರಿ ಗ್ವಾಡಿಗೆ ತಿಕ್ಕಿದಳು.

ಎಷ್ಟು ಹೆಬ್ಬೆಟ್ಟೋ ಅಲ್ಲಿ, ಒಂದರ ಮ್ಯಾಲೊಂದು.
ಪ್ರತಿ ದೀಪಾವಳಿಗೆ ಸುಣ್ಣ ಹೊಡೀತಾರ.
ಸಂಕ್ರಾಂತಿ ಅನ್ನೋದ್ರಾಗ
ಮತ್ತ ನೀಲಿ.