ಬಣ್ಣ ಹತ್ತದ ಬಾನಿ

ಕಲ್ಲು ತೋರಿಸಲಿಕ್ಕೆ ಹೋದವರು ನಾವು.
ಇಳಕಲ್ಲಿನ ಕೆಂಪು ಗ್ರಾನೈಟಿನ ಅಂಗೈಯಗಲ ತುಂಡುಗಳು,
ಮೇಲೆ ಕಟಕ ರೊಟ್ಟಿ, ಗುರೆಳ್ಳು ಹಿಂಡಿ,
ಎಲ್ಲ ಒಂದೇ ಪೆಟ್ಟಿಗೆಯೊಳಗೆ.
ಜತೆಗೆ ಒಬ್ಬರು ಬರಬಹುದು ಅಂದಿದ್ದರು ಫ್ಯಾಕ್ಟರಿಯ ಸಾವಕಾರರು.
ನನ್ನ ಗಂಡ ವಿಮಾನಕ್ಕೆ ಅಂಜಿದ.
ಚಿಕ್ಕವ್ವ ಅಂಜಲಿಲ್ಲ.

ಸಾವಂತ್ರವ್ವ ನೀಲಗಾರ, ವಯಸ್ಸು ಅರವತ್ತೇಳು.
ವೀಸಾ ಕಚೇರಿಯ ಗಾಜು ಅವಳ ಬೆರಳನ್ನು
ಮೂರು ಸಲ ಒಲ್ಲೆ ಅಂದಿತು.
ಗೆರೆ ಇದ್ದರಲ್ಲವೆ?
ಐವತ್ತು ವರ್ಷದ ಸುಣ್ಣದ ನೀರು ತಿಂದು ಮುಗಿಸಿತ್ತು.
ಊರೆಲ್ಲ ಪುಡಿಬಣ್ಣಕ್ಕೆ ಹೊರಳಿದರೂ
ಅವಳ ಹಿತ್ತಲ ಕೋಣೆಯಲ್ಲಿ ನೆಲಕ್ಕೆ ಹುಗಿದ ಒಂದು ಬಾನಿ
ಇನ್ನೂ ಉಸಿರಾಡುತ್ತದೆ.
ಹೊರಡುವ ದಿನ ಪಕ್ಕದ ಮನೆ ಮಾಬೂಬಿಗೆ ಹೇಳಿದ್ದು ಇಷ್ಟೇ:
"ದಿನಾ ಒಮ್ಮೆ ಕಲಕು. ಬೆಲ್ಲ ಮರೀಬ್ಯಾಡ.
ಅದಕ್ಕ ಸಿಟ್ಟು ಬಂದ್ರ ನನ್ನ ಹೆಸರು ಹೇಳು."

ಮೇಳ ಮುಗಿಯಿತು. ಒಂದು ಕಂಟೇನರಿನ ಆರ್ಡರು ಸಿಕ್ಕಿತು.
ಖುಷಿಗೆ ಎರಡು ದಿನ ಸಮುದ್ರ.
ಕಾಪ್ರಿ ಎಂಬ ನಡುಗಡ್ಡೆಯ ಕಲ್ಲಗೋಡೆ,
ಅದರ ಬುಡಕ್ಕೆ ನೀರಿನ ಮಟ್ಟದಲ್ಲಿ ಒಂದು ತೂತು.
ಗುಹೆ ಅಂದರು.
ದೋಣಿಯೊಳಗೆ ಮಲಗಿ, ತಲೆ ಎತ್ತಬೇಡಿ,
ಅಂತ ಕೈಸನ್ನೆ ಮಾಡಿದ ಅಂಬಿಗ.
ಚಿಕ್ಕವ್ವ ಸೆರಗು ಬಿಗಿದು ಅಂಗಾತ ಮಲಗಿದಳು
ಪರಪುರುಷನ ಪಾದದ ಬಳಿ, ಹಾಡುಹಗಲು.
"ಹೆಣಾ ಒಯ್ದಂಗ ಒಯ್ಯಾಕತ್ಯಾನಲ್ಲೇ" ಅಂದಳು.
ನಕ್ಕೆವು. ಅವನು ಸರಪಳಿ ಜಗ್ಗಿದ.
ಬಂಡೆ ಮೂಗಿಗೆ ಒಂದು ಗೇಣು ಬಿಟ್ಟು ಸರಿಯಿತು.

ಆಮೇಲೆ ನಗು ನಿಂತಿತು.

ನೀರು ತಳದಿಂದ ಹೊತ್ತಿಕೊಂಡಿತ್ತು.
ಛಾವಣಿಗೆ ನೀಲಿ, ಅಂಬಿಗನ ಹಲ್ಲಿಗೆ ನೀಲಿ,
ನನ್ನ ಬಿಳಿ ಬ್ಲೌಸಿಗೆ, ಚಿಕ್ಕವ್ವನ ಮೂಗುಬೊಟ್ಟಿಗೆ.
ಮುಂದಿನ ದೋಣಿಯವರು ಓ ಅಂದರು,
ಗುಹೆ ಓ ಅಂದಿತು.
ನಾನು ಫೋನು ಎತ್ತಿದೆ.
ಅವಳು ಮಾತ್ರ ಕಣ್ಣು ಕಿರಿದು ಮಾಡಿ,
ಗಿರಾಕಿ ತಂದ ನೂಲಿನ ಲಡಿ ನೋಡುವ ಹಾಗೆ ನೋಡಿ
"ಎರಡನೇ ಮುಳುಗು" ಅಂದಳು.
"ಮೂರನೇದು ಆಗಿಲ್ಲ ಇನ್ನಾ."

ಯಾರನ್ನೂ ಕೇಳದೆ ಮೊಣಕೈತನಕ ಕೈ ಇಳಿಸಿದಳು.
ಕೈ ಬೆಳ್ಳಿಯಾಯಿತು.
ನಾಗರಪಂಚಮಿಗೆ ಹುಣಸೆಹಣ್ಣು ತಿಕ್ಕಿ ಬೆಳಗಿದ ಬೆಳ್ಳಿ.
ಐದನೇ ಇಯತ್ತೆಯಲ್ಲಿ, ಶಾಲೆಯ ಗ್ಯಾದರಿಂಗಿಗೆ,
ಇದೇ ಕೈ ಹಿಡಿಯಲು ನಾಚಿ
ಹತ್ತು ಹೆಜ್ಜೆ ಮುಂದೆ ಮುಂದೆ ನಡೆದವಳು ನಾನು.
ಅವಳಿಗೆ ನೆನಪಿದೆಯೋ ಇಲ್ಲವೋ.
ಈಗ ಬೆರಳು ಬಿಡಿಸಿದಳು, ಮಡಚಿದಳು,
ಬೇರೆ ಯಾರದೋ ಕೈ ನೋಡಿದಂತೆ.

ಮತ್ತೆ ಸೊಂಟದಿಂದ ಬಿಳಿ ಅರಿವೆಯ ತುಂಡು ತೆಗೆದಳು,
ಎಲೆಯಡಿಕೆ ಕಟ್ಟಿದ್ದು. ಅಡಿಕೆ ಬಾಯಿಗೆ, ಅರಿವೆ ನೀರಿಗೆ.
ಅದ್ದಿ, ಹಿಂಡದೆ, ಎರಡು ತುದಿ ಹಿಡಿದು
ಮೇಲೆತ್ತಿ ಸುಮ್ಮನೆ ಕೂತಳು.
ಗಾಳಿ ಉಣ್ಣಬೇಕಲ್ಲ.
ಬಾನಿಯಿಂದ ಎದ್ದ ಬಟ್ಟೆ ಮೊದಲು ಹಸಿರು,
ಗಾಳಿ ಉಂಡ ಮೇಲೇ ನೀಲಿ.
ತುಟಿಯಲ್ಲಿ ಎಣಿಸುತ್ತಿದ್ದಳು. ಹನ್ನೆರಡು. ಹದಿಮೂರು.
ಹಿಂದಿನ ದೋಣಿಯವನು ಕೂಗಿದ.
ನಮ್ಮ ಅಂಬಿಗ ಅವನಿಗೆ ಏನೋ ಬೈದು
ಹುಟ್ಟು ಎತ್ತಿ ಹಿಡಿದು ಕಾದ,
ಏನಕ್ಕೆ ಅಂತ ಗೊತ್ತಿಲ್ಲದೆ.

ಹೊರಗಿನ ಬಿಸಿಲಲ್ಲಿ ಅರಿವೆ ಬೆಳ್ಳಗೇ ಇತ್ತು.
ಕೈಯೂ ಹೋದ ಹಾಗೇ ಬಂದಿತ್ತು,
ಉಗುರಿನ ಸುತ್ತ ಹಳೆಯ ನೀಲಿ ಸಮೇತ.
ಮೂಸಿ ನೋಡಿದಳು. ಉಪ್ಪು.

ಇಳಕಲ್ಲಿಗೆ ಬಂದವಳು ಪೆಟ್ಟಿಗೆ ಬಿಚ್ಚದೆ
ಕತ್ತಲ ಕೋಣೆಗೆ ನಡೆದು, ಕುಕ್ಕರಗಾಲಲ್ಲಿ ಕೂತು
ಬಾನಿಗೆ ಕೈ ಹಾಕಿದಳು. ನೊರೆ ಚೆನ್ನಾಗಿತ್ತು.
ಬಾಗಿಲಲ್ಲಿ ಮಾಬೂಬಿ: "ಏನ್ ನೋಡಿದಿ ಅಕ್ಕಾ ಅಷ್ಟು ದೂರ ಹೋಗಿ?"

"ಒಂದು ಬಾನಿ. ಬಾಯಿ ಸಣ್ಣದು.
ಯಾರೋ ಬಣ್ಣ ಕಲಸಿಟ್ಟಾರ, ಭಾಳ ಚಂದ ಕಲಸ್ಯಾರ.
ಸುಣ್ಣಾ ಹಾಕೂದು ಮರತಾರ."